ನೋಡುವುದಕ್ಕೆಂದೇ ಕಟ್ಟಿದ ದಾರಿ

ದಾರಿ ಎಂಬುದು ಸಾಮಾನ್ಯವಾಗಿ ಒಂದು ಊರಿನಿಂದ ಮತ್ತೊಂದು ಊರಿಗೆ ಹೋಗುವುದಕ್ಕೆ. ಸಂತೆಗೆ, ಜಾತ್ರೆಗೆ, ಕಚೇರಿಗೆ, ನಂಟರ ಮನೆಯ ಮದುವೆಗೆ, ಹಿಂದಿನ ಕಾಲದಲ್ಲಾದರೆ ದಂಡಿಗೆ. ಯಾವುದೋ ಒಂದು ನಿಮಿತ್ತದಿಂದ ಜನ ತುಳಿದ ನೆಲವೇ ಕ್ರಮೇಣ ದಾರಿಯಾಗುತ್ತದೆ. ಆಸ್ಟ್ರಿಯಾ ದೇಶದ ಆಲ್ಪ್ಸ್ ಪರ್ವತಗಳಲ್ಲಿ 48 ಕಿಲೋಮೀಟರು ಉದ್ದದ ಒಂದು ರಸ್ತೆಯಿದೆ. ಅದು ಈ ಮಾತಿಗೆ ಹೊರತು. ಅದರ ಮೇಲೆ ಹೋಗುವ ಬಹುಮಂದಿಗೆ ಬೆಟ್ಟದ ಆಚೆ ಯಾವ ಕೆಲಸವೂ ಇರುವುದಿಲ್ಲ. ಬೆಳಿಗ್ಗೆ ಮೋಟಾರು ಕಾರಿನಲ್ಲಿ ಹೊರಟು, ಅಲ್ಲಲ್ಲಿ ಇಳಿದು, ನೋಡಿ, ಬುತ್ತಿ ಬಿಚ್ಚಿ ಉಂಡು, ಮತ್ತೆ ಹತ್ತಿ, ಸಂಜೆ ಬಂದ ದಾರಿಯಲ್ಲೇ ಮರಳಿ ಬರುವವರೇ ಹೆಚ್ಚು. ಗ್ರೋಸ್‌ಗ್ಲಾಕ್ನರ್ ಎತ್ತರದ ಆಲ್ಪ್ಸ್ ರಸ್ತೆ ಎಂದು ಅದರ ಹೆಸರು. ಗ್ರೋಸ್‌ಗ್ಲಾಕ್ನರ್ ಎಂಬುದು 3,798 ಮೀಟರು ಎತ್ತರದ ಶಿಖರ. ಆ ದೇಶದಲ್ಲೆಲ್ಲ ಅತ್ಯುನ್ನತವಾದದ್ದು. ರಸ್ತೆ ಆ ಶಿಖರವನ್ನು ಏರುವುದಿಲ್ಲ, ದಾಟುವುದೂ ಇಲ್ಲ. ಅದನ್ನು ತೋರಿಸುತ್ತದೆ, ಅಷ್ಟೆ.

ಬೇಸಗೆಯ ರಜಾದಿನಗಳಲ್ಲಿ ಪ್ರವಾಸಿಗರು ಸಾಮಾನ್ಯವಾಗಿ ಉತ್ತರದ ಸಾಲ್ಸ್‌ಬರ್ಗ್ ಪ್ರಾಂತದಿಂದ ಹೊರಡುತ್ತಾರೆ. ತ್ಸೆಲ್ ಎಂಬ ಸರೋವರದ ಊರನ್ನು ಬಿಟ್ಟು, ಬ್ರೂಕ್ ಎಂಬ ಹಳ್ಳಿಯನ್ನು ಹಾದು, ಹುಲ್ಲುಗಾವಲುಗಳ ನಡುವೆ ಒಂದಷ್ಟು ದೂರ ನಡೆದರೆ ಫೆರ್‌ಲೈಟನ್ ಎಂಬಲ್ಲಿ ಸುಂಕದಕಟ್ಟೆ ಎದುರಾಗುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ಅಲ್ಲಿಯೂ ನಿಜ. ಒಂದು ಕಾರಿಗೆ ಒಂದು ದಿನಕ್ಕೆ 40 ಯೂರೋಗಿಂತ ಹೆಚ್ಚನ್ನೇ ಎಣಿಸಿಕೊಡಬೇಕು. ಅಲ್ಲಿಂದ ಮುಂದೆ ಏರು. ಒಟ್ಟು 36 ಹೇರ್‌ಪಿನ್ ತಿರುವುಗಳು. ಒಂದೊಂದಕ್ಕೂ ಸಂಖ್ಯೆ ಹಾಕಿ, ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಬರೆದು ನಿಲ್ಲಿಸಿದ್ದಾರೆ. ಮರಗಳು ಮೊದಲು ಕುಳ್ಳಾಗುತ್ತವೆ, ಆಮೇಲೆ ಇಲ್ಲವಾಗುತ್ತವೆ. ಹುಲ್ಲು, ಆಮೇಲೆ ಬರಿಯ ಕಲ್ಲು, ಆಷಾಢ ಮಾಸದಲ್ಲಿಯೂ ಕರಗದೆ ಉಳಿದ ಹಿಮದ ತೇಪೆಗಳು. ಪಕ್ಕಕ್ಕೆ ಒಡೆದು ಎಡೆಲ್‌ವೈಸ್ ಶಿಖರಕ್ಕೆ ಹೋಗುವ ಕಲ್ಲುಹಾಸಿನ ಕವಲೊಂದಿದೆ. 2,571 ಮೀಟರಿನ ಆ ನೆತ್ತಿಯ ಮೇಲೆ ನಿಂತರೆ ಮೂರು ಸಾವಿರ ಮೀಟರಿಗೆ ಮೀರಿದ ಮೂವತ್ತಕ್ಕೂ ಹೆಚ್ಚು ಶಿಖರಗಳು ಸುತ್ತಲೂ ಕಾಣುತ್ತವೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರು. ಅದಕ್ಕಿಂತ ಆರುನೂರು ಮೀಟರು ಮೇಲಕ್ಕೆ ಕಾರಿನ ಚಕ್ರ ಏರಿದೆಯೆಂದು ಲೆಕ್ಕ ಹಾಕಿಕೊಂಡರೆ ನಮಗೆ ಅಂದಾಜು ಸಿಕ್ಕೀತು.

ನೋಟವೇನೋ ಅಪೂರ್ವವಾದದ್ದು. ಆದರೆ ಈ ನೋಟ ತಾನಾಗಿ ಒದಗಿದ್ದಲ್ಲ. ಒಂದು ಸೋತ ದೇಶ, ಕೆಲಸವಿಲ್ಲದ ಕೆಲವು ಸಾವಿರ ಕೂಲಿಗಾರರು, ಹಟಹಿಡಿದ ಒಬ್ಬ ಇಂಜಿನಿಯರು, ಅವನನ್ನು ನಂಬಿದ ಒಬ್ಬ ರಾಜಕಾರಣಿ, ಇವರೆಲ್ಲರೂ ಕೂಡಿ ಅದನ್ನು ಕಟ್ಟಬೇಕಾಯಿತು. ಆ ಕಥೆ ತಿಳಿಯದೆ ಬರಿಯ ಶಿಖರಗಳನ್ನು ಎಣಿಸಿ ಬರುವುದು ಅರ್ಧ ನೋಟವೇ ಸರಿ.

ಹಳೆಯ ಕಥೆಯಿಂದ ಹೊರಡೋಣ. ಈ ಪರ್ವತಶ್ರೇಣಿಗೆ ಹೋಹೆ ಟೌವರ್ನ್ ಎಂದು ಹೆಸರು. ಟೌವರ್ನ್ ಎಂದರೆ ಆ ಕಡೆಯ ಹಳ್ಳಿಗರ ಮಾತಿನಲ್ಲಿ ಬೆಟ್ಟ ಎಂದಲ್ಲ, ಬೆಟ್ಟವನ್ನು ದಾಟುವ ಎಡೆ ಎಂದು. ದಾಟುವ ಜಾಗಗಳ ಹೆಸರೇ ಮುಂದೆ ಇಡೀ ಶ್ರೇಣಿಗೆ ಅಂಟಿಕೊಂಡಿತು. ಭಾಷೆಯ ಈ ಒಂದು ಸಂಗತಿಯೇ ಸಾಕು, ಅಲ್ಲಿನವರು ಪರ್ವತವನ್ನು ಯಾವ ಕಣ್ಣಿನಿಂದ ನೋಡುತ್ತಿದ್ದರೆಂದು ತಿಳಿಯುವುದಕ್ಕೆ. ಶಿಖರ ಅವರಿಗೆ ಬೇಕಿರಲಿಲ್ಲ. ಬೇಕಾದದ್ದು ಶಿಖರಗಳ ನಡುವಿನ ಕಂಡಿ. ನಮ್ಮ ರಸ್ತೆ ದಾಟುವ ಕಂಡಿಗೆ ಹೋಖ್‌ಟೋರ್ ಎಂದು ಹೆಸರು. ಎತ್ತರದ ಬಾಗಿಲು ಎಂದು ಅರ್ಥ.

ಆ ಬಾಗಿಲಿನಲ್ಲಿ ಶತಮಾನಗಳ ಕಾಲ ಹೇರು ಹೊತ್ತ ಕುದುರೆಗಳೂ ಆಳುಗಳೂ ನಡೆದುಹೋಗಿದ್ದಾರೆ. ಉತ್ತರದಿಂದ ಉಪ್ಪು ಹೋಗುತ್ತಿತ್ತು. ದಕ್ಷಿಣದಿಂದ, ವೆನಿಸಿನ ಕಡೆಯಿಂದ, ದ್ರಾಕ್ಷಾರಸ, ಎಣ್ಣೆ, ಸಾಂಬಾರ ಪದಾರ್ಥ, ರೇಷ್ಮೆ, ಗಾಜು ಬರುತ್ತಿದ್ದವು. ಸುತ್ತಣ ಕಣಿವೆಗಳಲ್ಲಿ ಚಿನ್ನದ ಗಣಿಗಳೂ ಇದ್ದವು. ಹದಿನಾರನೆಯ ಶತಮಾನದ ನಡುವಿನಲ್ಲಿ ಅವು ಉಚ್ಛ್ರಾಯದಲ್ಲಿದ್ದವು. ಸ್ಥಳಗಳ ಹೆಸರುಗಳಲ್ಲಿ ಆ ಕಾಲದ ಭಯ ಇನ್ನೂ ಉಳಿದುಕೊಂಡಿದೆ. ಈಗ ಪ್ರವಾಸಿಗರು ಫೋಟೋ ಹಿಡಿಯುವ ಒಂದು ತಾಣದ ಹೆಸರು ಮಾಟಗಾತಿಯ ಅಡಿಗೆಮನೆ, ಇನ್ನೊಂದರ ಹೆಸರು ಸಂಕಟದ ಬಯಲು. ಹೆಸರಿಟ್ಟವರು ಅಲ್ಲಿ ನಿಂತು ನೋಟ ಸವಿದವರಲ್ಲವೆಂಬುದು ಸ್ಪಷ್ಟ. ಬಿರುಗಾಳಿ ಬೀಸುವ ಮೊದಲು ಆಚೆ ದಾಟಿದರೆ ಸಾಕೆಂದು ದೇವರನ್ನು ನೆನೆಯುತ್ತ ಹೋದವರು.

ದೇವರನ್ನು ನೆನೆಯುವುದು ಅಲ್ಲಿ ತೀರ ಹಳೆಯ ರೂಢಿ. 1933ರಲ್ಲಿ ರಸ್ತೆಯ ಕೆಲಸ ನಡೆಯುತ್ತಿದ್ದಾಗ ಹೋಖ್‌ಟೋರಿನ ಬಳಿ ಕೂಲಿಗಾರರಿಗೆ ನೆಲದಲ್ಲಿ ಕಂಚಿನ ಒಂದು ಚಿಕ್ಕ ವಿಗ್ರಹ ಸಿಕ್ಕಿತು. ರೋಮನರ ಹರ್ಕ್ಯುಲಿಸ್ ದೇವತೆಯದು. ಅದು ಸಿಕ್ಕಿ ಎಷ್ಟೋ ವರ್ಷಗಳಾದ ಮೇಲೆ, 1990ರ ದಶಕದಲ್ಲಿ, ವಿದ್ವಾಂಸರು ಅಲ್ಲಿ ಅಗೆದು ನೋಡಿದಾಗ ದಾರಿಹೋಕರು ಹರಕೆಗೆಂದು ಹಾಕಿದ ನಾಣ್ಯಗಳು ದೊರೆತವು. ರೋಮನರಿಗಿಂತ ಮುಂಚಿನ ಕೆಲ್ಟ್ ಜನರ ನಾಣ್ಯಗಳೂ ಅವುಗಳಲ್ಲಿದ್ದವು. ಘಟ್ಟ ಇಳಿಯುವ ಮುನ್ನ ಬಸ್ಸು ನಿಲ್ಲಿಸಿ ಗುಡಿಯ ಹುಂಡಿಗೆ ಕಾಸು ಹಾಕುವುದನ್ನು ನೋಡುತ್ತ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರು ಬದಲಾದರೂ ನಡೆದು ದಾಟುವ ಭಕ್ತಿ ಉಳಿದಿದೆ. ಇಂದಿಗೂ ಪ್ರತಿ ವರ್ಷ ಜೂನ್ 28ರಂದು ಉತ್ತರದ ಹಳ್ಳಿಗಳ ಯಾತ್ರಿಕರು ಹೋಖ್‌ಟೋರನ್ನು ಕಾಲ್ನಡೆಯಲ್ಲಿ ದಾಟಿ ದಕ್ಷಿಣದ ಹೈಲಿಗೆನ್‌ಬ್ಲೂಟ್ ಗ್ರಾಮದ ಇಗರ್ಜಿಗೆ ಹೋಗುತ್ತಾರೆ. ಪವಿತ್ರ ರಕ್ತ ಎಂದು ಆ ಊರ ಹೆಸರಿನ ಅರ್ಥ. ಚೂಪಾದ ಗೋಪುರದ ಆ ಇಗರ್ಜಿ, ಅದರ ಬೆನ್ನಿಗೆ ಬಿಳಿಯ ಗ್ಲಾಕ್ನರ್: ಆಸ್ಟ್ರಿಯಾದ ಕ್ಯಾಲೆಂಡರುಗಳಲ್ಲಿ ಈ ಚಿತ್ರವನ್ನು ನೋಡದವರು ವಿರಳ.

ಹೇರಿನ ದಾರಿಯ ಕಾಲ ಮುಗಿಯಿತು. 1909ರಲ್ಲಿ ಈ ಶ್ರೇಣಿಯ ಹೊಟ್ಟೆಯನ್ನೇ ಕೊರೆದು ರೈಲು ಓಡಿಸಿದರು. ಉಪ್ಪಾಗಲಿ ಬೇಳೆಯಾಗಲಿ ಇನ್ನು ಹೋಖ್‌ಟೋರನ್ನು ಹತ್ತಬೇಕಾದ ಅಗತ್ಯವೇ ಇರಲಿಲ್ಲ. ಹಾಗಿದ್ದೂ ಆಮೇಲೆ ಇಷ್ಟು ದೊಡ್ಡ ರಸ್ತೆ ಅಲ್ಲಿ ಏಕೆ ಹುಟ್ಟಿತು?

ಇದಕ್ಕೆ ಉತ್ತರ ಮೊದಲನೆಯ ಮಹಾಯುದ್ಧದಲ್ಲಿದೆ. 1918ರಲ್ಲಿ ಹ್ಯಾಬ್ಸ್‌ಬರ್ಗ್ ಚಕ್ರಾಧಿಪತ್ಯ ಮುರಿದುಬಿದ್ದು, ಆಸ್ಟ್ರಿಯಾ ಎಂಬ ಹೆಸರಿನಲ್ಲಿ ಉಳಿದದ್ದು ಹಳೆಯ ಸಾಮ್ರಾಜ್ಯದ ಎಂಟನೆಯ ಒಂದು ಪಾಲು. ಬಂದರುಗಳು ಹೋದವು, ಕಲ್ಲಿದ್ದಲು ಹೋಯಿತು, ಗೋಧಿಯ ಬಯಲುಗಳು ಹೋದವು. ಇವೆಲ್ಲ ಇತಿಹಾಸದ ಪಠ್ಯಪುಸ್ತಕಗಳಲ್ಲಿ ಇರುವ ಸಂಗತಿಗಳೇ. ಆದರೆ ಅಷ್ಟಾಗಿ ಯಾರೂ ಹೇಳದ ಒಂದು ನಷ್ಟವುಂಟು. 1919ರ ಒಪ್ಪಂದದಂತೆ ದಕ್ಷಿಣ ಟಿರೋಲ್ ಪ್ರಾಂತ ಇಟಲಿಗೆ ಸೇರಿತು. ಅದರೊಂದಿಗೆ ಓರ್ಟ್ಲರ್ ಶಿಖರವೂ ಹೋಯಿತು. 3,905 ಮೀಟರಿನ ಓರ್ಟ್ಲರ್ ಹಳೆಯ ಸಾಮ್ರಾಜ್ಯದ ಅತ್ಯುನ್ನತ ಶಿಖರ. ಅದರ ಮಗ್ಗುಲಲ್ಲೇ ಸ್ಟೆಲ್ವಿಯೋ ಕಣಿವೆ ರಸ್ತೆ. 1820ರಿಂದ 1825ರವರೆಗೆ ಕಾರ್ಲೋ ಡೊನೆಗಾನಿ ಎಂಬ ಇಂಜಿನಿಯರು ಚಕ್ರವರ್ತಿಗಾಗಿ ಕಟ್ಟಿದ, 2,757 ಮೀಟರು ಎತ್ತರಕ್ಕೆ ಹಾವಿನಂತೆ ಸುತ್ತಿ ಸುತ್ತಿ ಏರುವ, ಜಗತ್ತೇ ಬೆರಗಾದ ರಸ್ತೆ. ಅದೂ ಹೋಯಿತು. ಯುದ್ಧಕ್ಕೆ ಮುಂಚೆ ದೇಶದ ಎರಡನೆಯ ಸಾಲಿನಲ್ಲಿದ್ದ ಗ್ಲಾಕ್ನರ್ ಶಿಖರ, ತಾನು ಒಂದಂಗುಲವೂ ಬೆಳೆಯದೆ, ಒಂದು ಸಹಿಯ ಬಲದಿಂದ ಮೊದಲನೆಯದಾಗಿಬಿಟ್ಟಿತು. ಮನೆಯ ಹಿರಿಯ ತೀರಿಕೊಂಡಾಗ ಕಿರಿಯನ ತಲೆಗೆ ಪೇಟ ಸುತ್ತಿದ ಹಾಗೆ.

ಇದರ ಜೊತೆಗೆ ಇನ್ನೊಂದು ತೊಡಕು. ಪಶ್ಚಿಮದಲ್ಲಿ ಬ್ರೆನ್ನರ್ ಕಣಿವೆಯ ನೆತ್ತಿಯೇ ಹೊಸ ಗಡಿಯಾಯಿತು. ಅಲ್ಲಿಂದ ಪೂರ್ವಕ್ಕೆ ರಾಡ್‌ಸ್ಟಾಟ್ ಕಣಿವೆಯವರೆಗೆ ನೂರೈವತ್ತು ಕಿಲೋಮೀಟರಿಗೂ ಮಿಗಿಲಾದ ಪರ್ವತದ ಗೋಡೆ; ಅದನ್ನು ದಾಟುವ ಗಾಡಿರಸ್ತೆ ಒಂದೂ ಇಲ್ಲ. ಹೀಗಾಗಿ 1924ರಲ್ಲಿ ಕೆಲವರು ತಜ್ಞರು ಹೋಖ್‌ಟೋರಿನ ಮೇಲೆ ರಸ್ತೆ ಹಾಕಬೇಕೆಂದು ಸೂಚಿಸಿದಾಗ ಮೇಲ್ನೋಟಕ್ಕೆ ಅದರಲ್ಲಿ ಅರ್ಥವಿತ್ತು. ಆದರೂ ಜನ ನಕ್ಕರು. ಹಣದುಬ್ಬರದಲ್ಲಿ ನೋಟಿನ ಕಟ್ಟಿಗೆ ಬೆಲೆಯಿಲ್ಲದಂತಾಗಿ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ದೇಶ ಅದು. ಆಸ್ಟ್ರಿಯಾ, ಜರ್ಮನಿ, ಇಟಲಿ ಮೂರೂ ದೇಶಗಳನ್ನು ಕೂಡಿಸಿದರೂ ಅಂದು ಇದ್ದ ಖಾಸಗಿ ಕಾರುಗಳು ಒಂದೂವರೆ ಲಕ್ಷದ ಸುಮಾರು. ಕಾರೇ ಇಲ್ಲದವರಿಗೆ ಕಾರಿನ ರಸ್ತೆ! ಮೂರೇ ಮೀಟರು ಅಗಲದ, ಅಲ್ಲಲ್ಲಿ ಒಂದಕ್ಕೊಂದು ಎಡೆ ಬಿಡುವಷ್ಟು ಜಾಗವಿರುವ ರಸ್ತೆಯೆಂದರೂ ದುಬಾರಿಯಾಗಿ ಕಂಡಿತು.

ಯೋಜನೆಯನ್ನು ಕೈಬಿಡದೆ ಹಿಡಿದವನು ಫ್ರಾಂಟ್ಸ್ ವಾಲಾಕ್. 1887ರಲ್ಲಿ ಹುಟ್ಟಿದವನು, ದಕ್ಷಿಣದ ಕರಿಂಥಿಯಾ ಪ್ರಾಂತದ ಸರ್ಕಾರದಲ್ಲಿ ಇಂಜಿನಿಯರು. 1925ರಲ್ಲಿ ಅವನು ಆಲ್ಪ್ಸಿನ ಕಣಿವೆ ರಸ್ತೆಗಳನ್ನೆಲ್ಲ ಸುತ್ತಿ ನೋಡಿಬಂದ. ಎಲ್ಲಿ ಹಿಮ ಜಾರಿ ಬೀಳುತ್ತದೆ, ಎಲ್ಲಿ ಬೇಗ ಕರಗುತ್ತದೆ, ತಿರುವು ಎಷ್ಟು ಅಗಲವಿದ್ದರೆ ದೊಡ್ಡ ಬಸ್ಸು ಹಿಂದೆಮುಂದೆ ಮಾಡದೆ ಒಂದೇ ಸಲಕ್ಕೆ ತಿರುಗೀತು, ಎಲ್ಲವನ್ನೂ ಕಲಿತು ಬಂದ. ಸ್ಟೆಲ್ವಿಯೋವಿನಂಥ ಹಳೆಯ ರಸ್ತೆಗಳಲ್ಲಿ ತಿರುವುಗಳು ಒಂದರ ಮೇಲೊಂದು ಏಣಿಯಂತೆ ಒತ್ತಿಕೊಂಡಿರುತ್ತವೆ; ಫಿರಂಗಿಯ ಗಾಡಿ ಎಳೆಯುವ ಕುದುರೆಗೆ ನೋಟ ಕಟ್ಟಿಕೊಂಡು ಆಗಬೇಕಾದದ್ದೇನು? ವಾಲಾಕನ ರಸ್ತೆಯ ಬಗೆ ಬೇರೆ. ಏರು ನೂರಕ್ಕೆ ಹನ್ನೆರಡನ್ನು ಮೀರದಂತೆ ಬೆಟ್ಟದ ಮೈಯನ್ನು ಬಳಸಿ ಬಳಸಿ ಸಾಗುತ್ತದೆ. ಒಂದೊಂದು ತಿರುವಿಗೂ ಕಣಿವೆಯೋ ಶಿಖರವೋ ಹೊಸದಾಗಿ ತೆರೆದುಕೊಳ್ಳುತ್ತದೆ. ಎಡೆಲ್‌ವೈಸ್ ಶಿಖರದ ಕವಲು ಯಾವ ಊರಿಗೂ ಹೋಗುವುದಿಲ್ಲ. ಅದನ್ನು ಹಾಕಿಸಿದ್ದೇ ನೋಟಕ್ಕಾಗಿ. ದಕ್ಷಿಣದ ಹಿಮನದಿಯ ಕಡೆಗೆ ಹೋಗುವ ಇನ್ನೊಂದು ಕವಲೂ ಅಂಥದ್ದೇ, ಹಿಮನದಿ ಕಣ್ಣೆದುರಿಗೆ ಬಂದಲ್ಲಿಗೆ ಮುಗಿದುಹೋಗುತ್ತದೆ.

ವಾಲಾಕನ ನಕ್ಷೆಗೆ ಹಣ ಒದಗಿಸಿದವನು ಫ್ರಾಂಟ್ಸ್ ರೇರ್ಲ್. 1922ರಿಂದ ಸಾಲ್ಸ್‌ಬರ್ಗ್ ಪ್ರಾಂತದ ಮುಖ್ಯಾಧಿಕಾರಿಯಾಗಿದ್ದವನು. ಪ್ರವಾಸಿಗರಿಂದ ಸುಂಕ ಎತ್ತಿ ಖರ್ಚನ್ನು ತೀರಿಸಬಹುದೆಂಬ ಲೆಕ್ಕಾಚಾರವಿತ್ತು. ಆದರೆ ನಿಜವಾಗಿ ಕೆಲಸವನ್ನು ದೂಡಿದ್ದು ಲೆಕ್ಕಾಚಾರವಲ್ಲ, ಹಸಿವು. 1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದು ಪ್ರಪಂಚವೆಲ್ಲ ಮುಗ್ಗಟ್ಟಿಗೆ ಸಿಕ್ಕಿತು. 1931ರಲ್ಲಿ ವಿಯೆನ್ನಾದ ಅತಿ ದೊಡ್ಡ ಬ್ಯಾಂಕೇ ಮುಗ್ಗರಿಸಿತು. 1933ರ ವೇಳೆಗೆ ಅರವತ್ತೈದು ಎಪ್ಪತ್ತು ಲಕ್ಷ ಜನರ ಆ ಚಿಕ್ಕ ದೇಶದಲ್ಲಿ ನಿರುದ್ಯೋಗಿಗಳ ಸಂಖ್ಯೆ ಐದು ಲಕ್ಷವನ್ನು ದಾಟಿತ್ತು. ಬರಗಾಲ ಬಂದಾಗ ಕೆರೆ ತೋಡಿಸುವುದು, ರಸ್ತೆಗೆ ಜಲ್ಲಿ ಒಡೆಸುವುದು ನಮ್ಮ ಕಡೆಯ ಹಳೆಯ ಪದ್ಧತಿಯಷ್ಟೆ. ಈ ರಸ್ತೆಯೂ ಒಂದು ಬರಗಾಲದ ಕಾಮಗಾರಿಯೇ. ಅದರ ಉದ್ಘಾಟನೆಯ ಕಾಲಕ್ಕೆ ಪ್ರಕೃತಿಯ ಮೇಲೆ ಮಾನವನ ವಿಜಯವೆಂದು ಬೇಕಾದಷ್ಟು ಭಾಷಣಗಳಾದವು. ನನಗೇನೋ ಆ ಮಾತಿಗಿಂತ ಕೂಲಿಗಾರನ ವಾರದ ಬಟವಾಡೆಯೇ ದೊಡ್ಡ ಸತ್ಯವೆಂದು ತೋರುತ್ತದೆ.

1930ರ ಆಗಸ್ಟ್ 30ರಂದು ಮೊದಲ ಬಂಡೆಗೆ ಸಿಡಿಮದ್ದು ಇಟ್ಟರು. ಸುಮಾರು ಮೂರು ಸಾವಿರಕ್ಕೂ ಮಿಕ್ಕ ಜನ ಐದು ವರ್ಷ ದುಡಿದರು. ವರ್ಷವೆಂದರೆ ಪೂರ್ತಿ ವರ್ಷವಲ್ಲ; ಹಿಮ ಬಿಟ್ಟುಕೊಟ್ಟ ಕೆಲವೇ ತಿಂಗಳುಗಳು. ಎರಡು ಸಾವಿರ ಮೀಟರು ಎತ್ತರದಲ್ಲಿ ಮರದ ಶೆಡ್ಡುಗಳಲ್ಲಿ ವಾಸ. ಬೇಸಗೆಯಲ್ಲೂ ಮಧ್ಯರಾತ್ರಿ ಹಿಮ ಸುರಿದು ಬೆಳಗಾಗುವಷ್ಟರಲ್ಲಿ ಹಿಂದಿನ ದಿನದ ಕೆಲಸ ಮುಚ್ಚಿಹೋಗುವಂಥ ಜಾಗ. ಎಂಟು ಲಕ್ಷದ ಎಪ್ಪತ್ತು ಸಾವಿರ ಘನಮೀಟರು ಮಣ್ಣು ಕಲ್ಲುಗಳನ್ನು ತೋಡಿ ಸಾಗಿಸಿದರು. 67 ಸೇತುವೆಗಳನ್ನು ಕಟ್ಟಿದರು. ಹೋಖ್‌ಟೋರಿನ ಕೊನೆಯ ಏರನ್ನು ಹತ್ತುವ ಬದಲು ಅದರ ಕೆಳಗೆ 311 ಮೀಟರಿನ ಸುರಂಗವನ್ನು ಕೊರೆದರು. ರಸ್ತೆ 2,504 ಮೀಟರು ಎತ್ತರದಲ್ಲಿ ಆ ಸುರಂಗವನ್ನು ಹೊಕ್ಕು ಕರಿಂಥಿಯಾ ಪ್ರಾಂತಕ್ಕೆ ಹೊರಬೀಳುತ್ತದೆ. ಒಟ್ಟು ಆಳುದಿನಗಳ ಲೆಕ್ಕ 18 ಲಕ್ಷ. ಸತ್ತವರ ನೆನಪಿಗೆ ಫುಶರ್ ಟೋರ್ಲ್ ಎಂಬ ತಿರುವಿನ ಬಳಿ, 2,428 ಮೀಟರು ಎತ್ತರದಲ್ಲಿ, ಒರಟು ಕಲ್ಲಿನ ಒಂದು ಸ್ಮಾರಕ ಮಂದಿರವಿದೆ. ಅದರ ವಿನ್ಯಾಸ ಕ್ಲೆಮೆನ್ಸ್ ಹೋಲ್ಟ್ಸ್‌ಮೈಸ್ಟರ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯದು. ಮುಂದೆ 1938ರಲ್ಲಿ ನಾಟ್ಸಿಗಳ ಕಾರಣದಿಂದ ತಾಯ್ನಾಡಿಗೆ ಮರಳಲಾರದೆ ತುರ್ಕಿಯಲ್ಲಿ ನೆಲೆಸಿ ಅಂಕಾರಾದ ಪಾರ್ಲಿಮೆಂಟು ಭವನವನ್ನು ರೂಪಿಸಿದವನೂ ಅವನೇ.

ಕೆಲಸ ನಡೆಯುತ್ತಿದ್ದ ಐದು ವರ್ಷಗಳಲ್ಲಿ ಬೆಟ್ಟದ ಕೆಳಗೆ ದೇಶದ ರಾಜಕೀಯ ಸುಡುತ್ತಿತ್ತು. 1933ರಲ್ಲಿ ಪ್ರಧಾನಿ ಡಾಲ್‌ಫುಸ್ ಪಾರ್ಲಿಮೆಂಟನ್ನು ಬದಿಗೊತ್ತಿ ತಾನೇ ಆಳತೊಡಗಿದ. 1934ರ ಫೆಬ್ರವರಿಯಲ್ಲಿ ಸಮಾಜವಾದಿ ಕಾರ್ಮಿಕರಿಗೂ ಸರ್ಕಾರಕ್ಕೂ ಬೀದಿಕಾಳಗವೇ ಆಯಿತು. ಜುಲೈಯಲ್ಲಿ ನಾಟ್ಸಿಗಳ ಗುಂಡಿಗೆ ಡಾಲ್‌ಫುಸ್ ಬಲಿಯಾದ. ರಸ್ತೆಗೆ ನೇರವಾಗಿ ಬಿದ್ದ ಪೆಟ್ಟು ಇನ್ನೊಂದು. ಈ ರಸ್ತೆ ನೆಚ್ಚಿಕೊಂಡಿದ್ದದ್ದು ಜರ್ಮನಿಯ ಪ್ರವಾಸಿಗರನ್ನು. 1933ರ ಬೇಸಗೆಯ ಮೊದಲಿಗೇ ಹಿಟ್ಲರನ ಸರ್ಕಾರ ಒಂದು ಕಟ್ಟಳೆ ಹೊರಡಿಸಿತು: ಆಸ್ಟ್ರಿಯಾಕ್ಕೆ ಹೋಗಬಯಸುವ ಜರ್ಮನ್ ಪ್ರಜೆ ಒಂದು ಸಾವಿರ ಮಾರ್ಕು ಶುಲ್ಕ ತೆರಬೇಕು. ಸಾಮಾನ್ಯ ಸಂಸಾರಸ್ಥನಿಗೆ ಎಟುಕುವ ಮೊತ್ತವಲ್ಲ ಅದು. ಒಂದು ಗುಂಡೂ ಹಾರದೆ ಆಸ್ಟ್ರಿಯಾದ ಬೆಟ್ಟದೂರುಗಳ ಹೋಟೆಲುಗಳು ಬಿಕೋ ಎಂದವು. ಇತ್ತ ನೆಂಟರಿಗಾಗಿ ಚಪ್ಪರ ಏಳುತ್ತಿದೆ, ಅತ್ತ ನೆಂಟರ ಮನೆಯವರು ಬಾಗಿಲಿಗೆ ಅಗಳಿ ಹಾಕಿ ಕುಳಿತಿದ್ದಾರೆ. 1936ರಲ್ಲಿ ಎರಡು ಸರ್ಕಾರಗಳ ನಡುವೆ ಒಡಂಬಡಿಕೆಯಾಗುವವರೆಗೆ ಈ ತಡೆ ನಿಂತಿತು.

ಆದರೂ ಕೆಲಸ ನಿಲ್ಲಲಿಲ್ಲ. 1934ರ ಸೆಪ್ಟೆಂಬರ್ 22ರಂದು ರೇರ್ಲ್ ಮತ್ತು ವಾಲಾಕ್ ಒಂದು ಚಿಕ್ಕ ಸ್ಟೈರ್ 100 ಕಾರಿನಲ್ಲಿ ಕುಳಿತು, ಇನ್ನೂ ಮುಗಿಯದ ರಸ್ತೆಯ ಮೇಲೆ ಪರ್ವತವನ್ನು ದಾಟಿಯೇಬಿಟ್ಟರು. ಕೆಲವು ಕಡೆ ದಾರಿ ಬರಿಯ ಕಾಲುದಾರಿಯಷ್ಟಿತ್ತು. ಅದರ ಅಗಲಕ್ಕೆ ಒಗ್ಗುವಂತೆ ಕಾರನ್ನೇ ಮಾರ್ಪಡಿಸಿದ್ದರು. ಹಣ ಕೊಡಬೇಕಾದ ವಿಯೆನ್ನಾದವರ ಸಂದೇಹಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವಂತಿರಲಿಲ್ಲ. 1935ರ ಆಗಸ್ಟ್ 3ರಂದು ಅಧ್ಯಕ್ಷ ಮಿಕ್ಲಾಸ್ ಅವರ ಸಮ್ಮುಖದಲ್ಲಿ ರಸ್ತೆ ತೆರೆಯಿತು. ಮರುದಿನವೇ ಅಲ್ಲಿ ಮೋಟಾರು ಪಂದ್ಯ! ಮಾರಿಯೋ ತಾದಿನಿ ಎಂಬ ಇಟಲಿಯವನು ಆಲ್ಫಾ ರೋಮಿಯೋ ಕಾರಿನಲ್ಲಿ ಗೆದ್ದ.

ಮೂರು ವರ್ಷಗಳೊಳಗೆ ಆಸ್ಟ್ರಿಯಾ ಎಂಬ ದೇಶವೇ ಇಲ್ಲವಾಯಿತು. 1938ರ ಮಾರ್ಚಿನಲ್ಲಿ ಹಿಟ್ಲರ್ ಅದನ್ನು ಜರ್ಮನಿಗೆ ಸೇರಿಸಿಕೊಂಡ. ಅದೇ ಆಗಸ್ಟಿನಲ್ಲಿ ಇದೇ ತಿರುವುಗಳ ಮೇಲೆ ಜರ್ಮನಿಯ ಬೆಟ್ಟದ ಮಹಾಪಂದ್ಯ ನಡೆದು ಹಾನ್ಸ್ ಸ್ಟುಕ್ ಗೆದ್ದ. 1939ರಲ್ಲಿ ಹೆರ್ಮಾನ್ ಲಾಂಗ್. ಸ್ವತಂತ್ರ ಆಸ್ಟ್ರಿಯಾದ ಹೆಮ್ಮೆಗೆಂದು ಕಟ್ಟಿದ ರಸ್ತೆ ಅದನ್ನು ನುಂಗಿದವರ ಮೆರವಣಿಗೆಗೆ ಒದಗಿತು. ರಸ್ತೆಗೇನು, ಯಾರ ಚಕ್ರವಾದರೂ ಒಂದೇ. ಅದನ್ನು ಹಾಕಿಸಿದ ರೇರ್ಲ್ ಮಾತ್ರ ಅಧಿಕಾರ ಕಳೆದುಕೊಂಡು ಸೆರೆಮನೆ ಕಂಡ. 1944ರಲ್ಲಿ ರಾವೆನ್ಸ್‌ಬ್ರೂಕ್ ಯಾತನಾ ಶಿಬಿರಕ್ಕೂ ಹೋದ. ಬದುಕಿ ಬಂದನಾದರೂ ಚೇತರಿಸಿಕೊಳ್ಳಲಿಲ್ಲ, 1947ರಲ್ಲಿ ತೀರಿಕೊಂಡ.

ಯುದ್ಧಾನಂತರ ಈ ರಸ್ತೆಗೆ ಒಳ್ಳೆಯ ಕಾಲ ಬಂದಿತು. ಮಧ್ಯಮ ವರ್ಗದ ಮನೆಮನೆಗೂ ಕಾರು ಬಂದ ವರ್ಷಗಳವು. ಗುಡಾರ, ಒಲೆ, ಮಕ್ಕಳು ಎಲ್ಲವನ್ನೂ ಪುಟ್ಟ ಕಾರಿನಲ್ಲಿ ತುರುಕಿಕೊಂಡು, ನಡುನಡುವೆ ಕುದಿಯುವ ಇಂಜಿನಿಗೆ ನೀರು ಹೊಯ್ಯುತ್ತ ಜನ ಬೆಟ್ಟ ಹತ್ತಿದರು. ರಸ್ತೆಯನ್ನು ಅಗಲಿಸಬೇಕಾಯಿತು. ಚಳಿಗಾಲದಲ್ಲಿ ಅದು ಹಿಮದಡಿ ಹೂತುಹೋಗುತ್ತದೆ. ಆರಂಭದ ವರ್ಷಗಳಲ್ಲಿ ವಸಂತ ಬಂತೆಂದರೆ ಸುಮಾರು 350 ಜನ ಎಪ್ಪತ್ತು ದಿನ ಸಲಿಕೆ ಹಿಡಿದು ಹಿಮವನ್ನು ಕಡಿದು ಹಾದಿ ಬಿಡಿಸುತ್ತಿದ್ದರು. 1953ರಲ್ಲಿ ವಾಲಾಕ್ ತಾನೇ ರೂಪಿಸಿದ ತಿರುಗು ಯಂತ್ರಗಳು ಆ ಕೆಲಸಕ್ಕೆ ಬಂದವು. ಹಿಮವನ್ನು ಬಾಚಿ ನುಂಗಿ ಕಣಿವೆಗೆ ಉಗುಳುವ ಆ ಯಂತ್ರಗಳನ್ನು ಇಂದಿಗೂ ಬಳಸುತ್ತಾರೆ. ಮೇ ತಿಂಗಳ ಆರಂಭದಲ್ಲಿ ಹೋದವರು ಆಳೆತ್ತರಕ್ಕೆ ಎಷ್ಟೋ ಪಾಲು ಮೀರಿದ ಹಿಮದ ಗೋಡೆಗಳ ನಡುವೆ ಸಾಗಬೇಕಾಗುತ್ತದೆ. ನವೆಂಬರಿನ ಮೊದಲಿಗೆ ಬಾಗಿಲು ಮುಚ್ಚಿತೆಂದರೆ ಮತ್ತೆ ವಸಂತಕ್ಕೇ.

1967ರಲ್ಲಿ ಪಶ್ಚಿಮಕ್ಕೆ ಫೆಲ್ಬರ್‌ಟೌವರ್ನ್ ಸುರಂಗ ರಸ್ತೆ ತೆರೆಯಿತು, 1975ರಲ್ಲಿ ಪೂರ್ವಕ್ಕೆ ದೊಡ್ಡ ಹೆದ್ದಾರಿ. ನಿಜವಾಗಿ ಕೆಲಸವಿದ್ದು ದಕ್ಷಿಣಕ್ಕೆ ಹೋಗುವವರೆಲ್ಲ ಆ ದಾರಿಗಳನ್ನು ಹಿಡಿದರು. ಗ್ಲಾಕ್ನರ್ ರಸ್ತೆಗೆ ಉಳಿದದ್ದು ನೋಡಬಂದವರು ಮಾತ್ರ. ಅದು ಹುಟ್ಟಿದ್ದೂ ಅವರಿಗಾಗಿಯೇ ಅಲ್ಲವೆ?

ಆದರೆ ಅವರಿಗೆ ತೋರಿಸಬೇಕಾದ ವಸ್ತುವೇ ಈಗ ಕೈಬಿಡುತ್ತಿದೆ. ಸುರಂಗ ದಾಟಿ ದಕ್ಷಿಣಕ್ಕೆ ಇಳಿದು, ಹೈಲಿಗೆನ್‌ಬ್ಲೂಟಿಗೆ ಮುಂಚೆಯೇ ಬಲಕ್ಕೆ ಹೊರಳಿ ಹಿಮನದಿಯ ಕವಲನ್ನು ಹಿಡಿದರೆ 2,369 ಮೀಟರು ಎತ್ತರದ ಫ್ರಾಂಟ್ಸ್ ಯೋಸೆಫ್ ದಿಬ್ಬಕ್ಕೆ ಬರುತ್ತೇವೆ. 1856ರಲ್ಲಿ ಚಕ್ರವರ್ತಿ ಫ್ರಾಂಟ್ಸ್ ಯೋಸೆಫ್ ಇಲ್ಲಿಯವರೆಗೆ ಬಂದು ನೋಡಿದನೆಂದು ಈ ಹೆಸರು. ಜೊತೆಗೆ ಹೊರಟಿದ್ದ ರಾಣಿ ಎಲಿಜಬೆತ್ ಕೆಳಗೇ ವಿಶ್ರಮಿಸಿಕೊಂಡಳಂತೆ. ಎದುರಿಗೆ ಗ್ಲಾಕ್ನರ್ ನೆಟ್ಟಗೆ ನಿಂತಿದೆ. ಅದರ ಮೈಮೇಲೆ ಸೀಳಿದ ಹಾಗೆ ಕಾಣುವ ಹಿಮದ ಕಿರುಗಣಿವೆಗೆ ಪಲ್ಲವಿಚೀನಿ ಎಂಬ ಶ್ರೀಮಂತನ ಹೆಸರು. 1876ರಲ್ಲಿ ಅವನು ಅದರಲ್ಲಿ ಹತ್ತಿದನೆಂಬುದು ನಿಜ. ಅವನ ಮುಂದೆ ಹಾನ್ಸ್ ಟ್ರಿಬುಸರ್ ಎಂಬ ಹಳ್ಳಿಯ ಮಾರ್ಗದರ್ಶಿ ಏಳು ಗಂಟೆಗಳ ಕಾಲ ನೀರ್ಗಲ್ಲಿನಲ್ಲಿ ಎರಡೂವರೆ ಸಾವಿರ ಮೆಟ್ಟಿಲುಗಳನ್ನು ಕಡಿದುಕೊಟ್ಟ. ಕಣಿವೆಗೆ ಟ್ರಿಬುಸರನ ಹೆಸರು ಬರಲಿಲ್ಲ.

ದಿಬ್ಬದ ಕೆಳಗಿರುವುದು ಪಾಸ್ಟರ್ಟ್ಸೆ, ಆಸ್ಟ್ರಿಯಾದ ಅತಿ ದೊಡ್ಡ ಹಿಮನದಿ. ಚಕ್ರವರ್ತಿ ನೋಡಿದಾಗ ಅದು ತುಂಬಿದ ಹೊಳೆಯಂತೆ ಕಣಿವೆಯ ಎರಡು ದಡಗಳನ್ನೂ ಮುಟ್ಟಿಕೊಂಡಿತ್ತು. ಅಂದಿನಿಂದ ಇಂದಿಗೆ ಅದರ ವಿಸ್ತೀರ್ಣ ಅರ್ಧಕ್ಕೆ ಇಳಿದಿದೆ. 1963ರಲ್ಲಿ ಪ್ರವಾಸಿಗರನ್ನು ಹಿಮದ ಅಂಚಿಗೆ ಇಳಿಸಲೆಂದು ಹಳಿಯ ಮೇಲೆ ಎಳೆಯುವ ಬಂಡಿಯೊಂದನ್ನು ಕಟ್ಟಿದರು. ಇಳಿದ ಮೇಲೆ ನಡೆಯಬೇಕಾದ ದೂರ ವರ್ಷದಿಂದ ವರ್ಷಕ್ಕೆ ಹೆಚ್ಚಿತು. ಹಿಮ ಕೆಳಕೆಳಗೆ ಸರಿದಂತೆ ಮೆಟ್ಟಿಲಿಗೆ ಮೆಟ್ಟಿಲು ಸೇರಿಸುತ್ತ ಹೋದರು. ಹಿಮ ಬಿಟ್ಟುಹೋದ ನೆಲದಲ್ಲಿ ಈಗ ಬೂದಿಬಣ್ಣದ ನೀರಿನ ಒಂದು ಕೆರೆ. ಕರಗಿದ ನೀರನ್ನು ಇನ್ನೂ ಕೆಳಗೆ ಮಾರ್ಗಾರಿತ್ಸೆ ಎಂಬಲ್ಲಿ ಅಣೆಕಟ್ಟು ಕಟ್ಟಿ ತಡೆದು, ಪರ್ವತದೊಳಗೆ ಕೊರೆದ ಸುರಂಗದಲ್ಲಿ ಉತ್ತರದ ಕಾಪ್ರೂನ್ ವಿದ್ಯುದಾಗಾರಕ್ಕೆ ಸಾಗಿಸುತ್ತಾರೆ. ಕಾಪ್ರೂನಿನ ಕಥೆ ಇನ್ನೂ ಕತ್ತಲೆಯದು. 1938ರಲ್ಲಿ ನಾಟ್ಸಿಗಳು ಆರಂಭಿಸಿದ ಆ ಕೆಲಸದಲ್ಲಿ ಬಲವಂತದಿಂದ ಹಿಡಿತಂದ ಪರದೇಶದವರೂ ಯುದ್ಧಕೈದಿಗಳೂ ದುಡಿದು ಸತ್ತಿದ್ದಾರೆ. ಅದನ್ನು ಇನ್ನೊಮ್ಮೆ ಪ್ರತ್ಯೇಕವಾಗಿಯೇ ಹೇಳಬೇಕು.

ಕಾರುಗಳ ಹೊಗೆಗೂ ಹಿಮ ಕರಗುವುದಕ್ಕೂ ಇರುವ ಸಂಬಂಧ ಈಗ ಶಾಲೆಯ ಮಕ್ಕಳಿಗೂ ಗೊತ್ತು. ಆ ಒಂದು ರಸ್ತೆಯ ಕಾರುಗಳೇ ಆ ಒಂದು ಹಿಮನದಿಯನ್ನು ಕರಗಿಸಿದವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ಹಿಮವನ್ನು ನೋಡುವುದಕ್ಕೆ ಇಂಜಿನಿನ ಬೆನ್ನೇರಿ ಹೋಗುವುದರಲ್ಲಿರುವ ವೈಪರೀತ್ಯವನ್ನು ಆ ದಿಬ್ಬದ ವಾಹನ ನಿಲ್ದಾಣದಲ್ಲಿ ನಿಂತವರು ಕಾಣದೆ ಇರಲಾರರು. ಇಲ್ಲಿಯ ನೆಲದ ಮೇಲೆ ಹಕ್ಕಿನ ಪ್ರಶ್ನೆಯೂ ಹಳೆಯದೇ. ಆಲ್ಬರ್ಟ್ ವಿರ್ತ್ ಎಂಬ ಮರದ ವ್ಯಾಪಾರಿ ಶಿಖರವನ್ನೂ ಹಿಮನದಿಯನ್ನೂ ಒಳಗೊಂಡ 41 ಚದರ ಕಿಲೋಮೀಟರು ನೆಲವನ್ನು ಕೊಂಡು, 1918ರಲ್ಲಿ ಪರ್ವತಾರೋಹಿಗಳ ಸಂಘಕ್ಕೆ, ಅದು ಇದ್ದಂತೆಯೇ ಇರಬೇಕೆಂಬ ಆಶಯದಿಂದ ದಾನ ಮಾಡಿದ್ದ. ಹಿಮನದಿಯ ಕವಲು ಮುಂದುವರಿದಾಗ ಸಂಘ ಪ್ರತಿಭಟಿಸಿತು. ರಸ್ತೆ ಬಂದಿತು, ಅದರಿಂದಾಚೆಗೆ ಹೆಚ್ಚೇನೂ ಬರಲಿಲ್ಲ. 1981ರಲ್ಲಿ ಕರಿಂಥಿಯಾ ಪ್ರಾಂತ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ದಾನಿಯ ಮಾತು ಅಷ್ಟಾದರೂ ನಿಂತಿತು.

ಕರಗುವ ಹಿಮ ತಾನು ಅಡಗಿಸಿಟ್ಟುಕೊಂಡದ್ದನ್ನು ಒಂದೊಂದಾಗಿ ಹೊರಗಿಡುತ್ತಿದೆ. ಸುಮಾರು ಆರು ಸಾವಿರ ವರ್ಷ ಹಳೆಯ ಮರದ ಕೊರಡೊಂದು ಪಾಸ್ಟರ್ಟ್ಸೆಯಿಂದ ಹೊರಬಿದ್ದಿತು. ಒಂದು ಕಾಲಕ್ಕೆ ಅಲ್ಲಿ ಕಾಡು ಇತ್ತೆಂಬುದಕ್ಕೆ ಅದು ಸಾಕ್ಷಿ. ಹಿಂದೆಯೂ ಹಿಮ ಸರಿದದ್ದುಂಟು, ಈಗೇಕೆ ಗಾಬರಿ ಎನ್ನುವವರು ಇದನ್ನೇ ಹಿಡಿದುಕೊಳ್ಳುತ್ತಾರೆ. ಅವರು ಸರಿಯುವ ವೇಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆ ವೇಗವನ್ನು ಅಳೆಯುವವರು ಇದ್ದಾರೆ. 1879ರಲ್ಲಿ ಫೆರ್ಡಿನಾಂಡ್ ಸೇಲಾಂಡ್ ಎಂಬವನು ಆರಂಭಿಸಿದ ಪದ್ಧತಿ ಅದು. ಪ್ರತಿ ವರ್ಷ ಬೇಸಗೆಯ ಕೊನೆಗೆ, ಪ್ರವಾಸಿಗರ ಸಂದಣಿ ಕರಗುತ್ತ ಬಂದಾಗ, ಪರ್ವತಾರೋಹಿಗಳ ಸಂಘದ ಕೆಲವರು ಟೇಪು, ಬಣ್ಣದ ಡಬ್ಬಿ ಹಿಡಿದು ಕಣಿವೆಗೆ ಇಳಿಯುತ್ತಾರೆ. ಹಿಂದಿನ ವರ್ಷ ಬಂಡೆಯ ಮೇಲೆ ಬರೆದಿಟ್ಟ ಗುರುತಿನಿಂದ ಹಿಮದ ತುದಿಗೆ ಎಷ್ಟು ದೂರವೆಂದು ಅಳೆದು ಪುಸ್ತಕಕ್ಕೆ ಏರಿಸುತ್ತಾರೆ. 2023ರ ಶರತ್ಕಾಲದಲ್ಲಿ ಅಳೆದಾಗ ಒಂದೇ ವರ್ಷದಲ್ಲಿ 203.5 ಮೀಟರು ಹಿಂದೆ ಸರಿದಿತ್ತು. ಹೊಸ ಬಂಡೆಯ ಮೇಲೆ ಹೊಸ ವರ್ಷದ ಅಂಕಿಯನ್ನು ಬರೆದು, ಕತ್ತಲಾಗುವ ಮುನ್ನ ಅವರು ಮೇಲಕ್ಕೆ ಹತ್ತಿ ಬರುತ್ತಾರೆ.